ನೀಲದೀಪದ ಪದರವೂ ಕ್ವಾಂಟಮ್ ಬಿಂದುಗಳ ವಾದವೂ

೧. ವಿಷಯಪ್ರವೇಶ

ಎಲ್. ಇ. ಡಿ. ಎಂಬ ಸಂಕ್ಷೇಪನಾಮದಿಂದ ಈಗ ಮನೆಮನೆಯಲ್ಲಿಯೂ ಪರಿಚಿತವಾಗಿರುವ ಬಿಳಿಯ ದೀಪದಲ್ಲಿ ಮೂಲತಃ ಹುಟ್ಟುವುದು ನೀಲಿಯ ಬೆಳಕು. ಅದರಲ್ಲಿ ಒಂದು ಪಾಲು ದೀಪದ ಮೇಲೆ ಲೇಪಿಸಿದ ಪುಡಿಯೊಂದನ್ನು ತಾಕಿ ಹಳದಿಯಾಗಿ ಮಾರ್ಪಡುವುದು. ಮಾರ್ಪಡದೆ ಉಳಿದ ನೀಲಿಯೂ ಈ ಹಳದಿಯೂ ಕೂಡಿ ಕಣ್ಣಿಗೆ ಬಿಳುಪಾಗಿ ತೋರುವುವು. ನೀಲಿಯು ಹುಟ್ಟುವ ಎಡೆಯೆಂದರೆ ಇಂಡಿಯಂ, ಗ್ಯಾಲಿಯಂ, ಸಾರಜನಕ ಎಂಬ ಮೂರು ಮೂಲವಸ್ತುಗಳಿಂದಾದ ಹರಳಿನ ಒಂದು ಪದರ. ಅದರ ದಪ್ಪ ಎರಡು ಮೂರು ನ್ಯಾನೊಮೀಟರು, ಎಂದರೆ ಹತ್ತು ಹನ್ನೆರಡು ಪರಮಾಣುಸಾಲುಗಳಷ್ಟು ಮಾತ್ರ. ಈ ದೀಪವನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಷೂಜಿ ನಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಸಂದಿತು. ಆಗ ಪ್ರಕಟವಾದ ಲೆಕ್ಕದಂತೆ ಒಂದು ವಾಟು ಶಕ್ತಿಗೆ ಎಣ್ಣೆಯ ದೀಪವು ೦.೧ ಲ್ಯೂಮನ್, ತಂತಿಯ ಬಲ್ಬು ೧೬, ಕೊಳವೆದೀಪವು ೭೦, ಈ ಹೊಸ ದೀಪವು ೩೦೦ ಲ್ಯೂಮನ್‌ಗಳವರೆಗೆ ಬೆಳಕನ್ನು ಕೊಡುವುದು. ಆ ಕಾಲದಲ್ಲಿ ಲೋಕದ ವಿದ್ಯುತ್ತಿನ ಸುಮಾರು ಕಾಲುಭಾಗವು ಬೆಳಕಿಗಾಗಿಯೇ ವೆಚ್ಚವಾಗುತ್ತಿದ್ದಿತೆಂಬುದನ್ನು ನೆನೆದರೆ, ಹತ್ತು ಪರಮಾಣುಸಾಲುಗಳ ಈ ಪದರದ ಮಹತ್ವವು ತಾನೇ ವಿಶದವಾಗುವುದು.

ಈ ಪದರವನ್ನು ಬೆಳೆಸಿದ ಬಗೆಯು ವಿವಾದಕ್ಕೆ ಒಳಗಾಗಿಲ್ಲ. ಆದರೆ ಅದು ಇಷ್ಟು ಚೆನ್ನಾಗಿ ಏಕೆ ಬೆಳಗುತ್ತದೆಂಬ ಪ್ರಶ್ನೆಯು ದೀಪವು ಅಂಗಡಿಗೆ ಬಂದ ತರುವಾಯ ಹುಟ್ಟಿ ಬಹುಕಾಲ ಪಂಡಿತರನ್ನು ಎರಡು ಪಂಗಡವಾಗಿಸಿತು. ಪದರದೊಳಗೆ ‘ಕ್ವಾಂಟಮ್ ಬಿಂದು’ಗಳೆಂಬ ಅತಿಸೂಕ್ಷ್ಮವಾದ ಇಂಡಿಯಂ ಗುಂಪುಗಳು ತಾವಾಗಿಯೇ ಬೆಳೆದುಕೊಂಡಿವೆ, ಬೆಳಕಿಗೆ ಅವೇ ಕಾರಣ ಎಂಬುದು ಒಂದು ಪಕ್ಷ. ಅಂತಹ ಗುಂಪುಗಳು ಹರಳಿನಲ್ಲಿ ಇಲ್ಲವೇ ಇಲ್ಲ, ನೋಡಲು ಬಳಸಿದ ಯಂತ್ರವೇ ಅವನ್ನು ಉಂಟುಮಾಡಿತು ಎಂಬುದು ಮತ್ತೊಂದು ಪಕ್ಷ. ಇದು ಒಣಚರ್ಚೆಯಲ್ಲ. ಗುಂಪುಗಳೇ ಕಾರಣವೆಂದಾದರೆ ಪದರವನ್ನು ಬೆಳೆಸುವವನು ಇಂಡಿಯಂ ಅಲ್ಲಲ್ಲಿ ಕೂಡಿಕೊಳ್ಳುವಂತೆ ತನ್ನ ಕುಲುಮೆಯನ್ನು ನಡೆಸಬೇಕು. ಅಲ್ಲವೆಂದಾದರೆ ಅದು ಎಲ್ಲೆಡೆಯೂ ಸಮನಾಗಿ ಹರಡುವಂತೆ ನಡೆಸಬೇಕು. ಒಂದೇ ಫಲವನ್ನು ಬಯಸಿ ಎರಡು ವಿರುದ್ಧವಾದ ದಾರಿಗಳನ್ನು ಹಿಡಿಯಲಾಗದು. ಈ ವಾದದ ಚರಿತ್ರೆಯನ್ನು ನಿರೂಪಿಸಿ, ಅದರಲ್ಲಿ ನಿಂತುದೇನು ಬಿದ್ದುದೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಪ್ರಬಂಧದ ಉದ್ದೇಶ.

೨. ಪೂರ್ವವೃತ್ತಾಂತ

ಹರಳಿನಿಂದ ತಣ್ಣನೆಯ ಬೆಳಕು ಬರುವುದನ್ನು ಮೊದಲು ಬರೆದಿಟ್ಟವನು ಮಾರ್ಕೋನಿಯ ಸಹಾಯಕನಾಗಿದ್ದ ಹೆನ್ರಿ ಜೋಸೆಫ್ ರೌಂಡ್ ಎಂಬ ಆಂಗ್ಲೇಯ. ೧೯೦೭ರಲ್ಲಿ ಅವನು ಪತ್ರಿಕೆಯೊಂದಕ್ಕೆ ಕಳುಹಿಸಿದ ಚಿಕ್ಕದೊಂದು ಟಿಪ್ಪಣಿಯಲ್ಲಿ, ಕಾರ್ಬೊರಂಡಮ್ ಎಂಬ ಹರಳಿನ ಎರಡು ಬಿಂದುಗಳ ನಡುವೆ ೧೦ ವೋಲ್ಟು ವಿದ್ಯುತ್ತನ್ನು ಹಾಯಿಸಿದಾಗ ಹಳದಿಯ ಬೆಳಕು ಕಂಡಿತೆಂದು ತಿಳಿಸಿದನು. ಕೆಲವೇ ಹರಳುಗಳು ಇಷ್ಟರಿಂದ ಬೆಳಗಿದುವೆಂದೂ ೧೧೦ ವೋಲ್ಟಿನಲ್ಲಿ ಬಹಳ ಹರಳುಗಳು ಬೆಳಗಿದುವೆಂದೂ ಅದರಲ್ಲಿದೆ. ಅನಂತರ ರಷ್ಯದ ನಿಜ್ನಿ ನೊವ್‌ಗೊರೊಡ್ ನಗರದ ರೇಡಿಯೊ ಪ್ರಯೋಗಶಾಲೆಯಲ್ಲಿ ಒಲೆಗ್ ಲೋಸೆವ್ ಎಂಬ ತರುಣನು ಇದೇ ಬೆಳಕನ್ನು ಹಲವು ವರ್ಷ ಪರೀಕ್ಷಿಸಿ, ಇದು ಕಾವಿನಿಂದ ಹುಟ್ಟಿದುದಲ್ಲವೆಂದು ಸಾಧಿಸಿದನು. ೧೯೪೨ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದಲ್ಲಿ ಅವನು ಅನ್ನವಿಲ್ಲದೆ ತೀರಿಕೊಂಡನು. ಅವನ ಶೋಧವೂ ಬಹುಕಾಲ ಮರೆತುಹೋಯಿತು.

ಇಂತಹ ಬೆಳಕಿನ ಕಾರಣವು ಮುಂದಿನ ಶೋಧನೆಗಳಿಂದ ಸ್ಪಷ್ಟವಾಯಿತು. ಅರೆವಾಹಕವೆಂಬ ಜಾತಿಯ ಹರಳಿನ ಎರಡು ಪದರಗಳನ್ನು ಒಂದಕ್ಕೊಂದು ಹೊಂದಿಸಿದಾಗ, ಒಂದರಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿಯೂ ಇನ್ನೊಂದರಲ್ಲಿ ಕೊರತೆಯಾಗಿಯೂ ಇರುವಂತೆ ಮಾಡಬಹುದು. ಮೊದಲನೆಯದನ್ನು ಋಣಪದರವೆಂದೂ ಎರಡನೆಯದನ್ನು ಧನಪದರವೆಂದೂ, ಎಲೆಕ್ಟ್ರಾನು ಇರಬೇಕಾದೆಡೆಯಲ್ಲಿ ಇಲ್ಲದಿರುವುದನ್ನು ರಂಧ್ರವೆಂದೂ ಕರೆಯೋಣ. ಎರಡು ಪದರಗಳ ಸಂಧಿಯಲ್ಲಿ ಎಲೆಕ್ಟ್ರಾನು ರಂಧ್ರದೊಳಕ್ಕೆ ಬಿದ್ದಾಗ ಬಿಡುಗಡೆಯಾಗುವ ಶಕ್ತಿಯೇ ಬೆಳಕು. ಬೀಳುವ ಎತ್ತರವು, ಎಂದರೆ ಆ ಹರಳಿನ ಶಕ್ತ್ಯಂತರವು, ಕಡಿಮೆಯಾದರೆ ಕೆಂಪು ಬೆಳಕು, ಹೆಚ್ಚಾದರೆ ನೀಲಿ ಬೆಳಕು. ೧೯೬೨ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬಾತನು ಈ ಬಗೆಯಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಪಡೆದನು. ಹಸುರೂ ಹಳದಿಯೂ ಹಿಂದೆಯೇ ಬಂದುವು. ನೀಲಿಯು ಮಾತ್ರ ಮೂವತ್ತು ವರ್ಷಗಳವರೆಗೆ ಕೈಗೆ ಎಟುಕಲಿಲ್ಲ.

೩. ಪದರವನ್ನು ಬೆಳೆಸಿದುದು

ನೀಲಿಗೆ ತಕ್ಕ ಹರಳು ಗ್ಯಾಲಿಯಂ ನೈಟ್ರೈಡೆಂಬುದು ಮೊದಲೇ ತಿಳಿದಿದ್ದಿತು. ಅದರ ಶಕ್ತ್ಯಂತರವು ೩.೪ ಎಲೆಕ್ಟ್ರಾನು-ವೋಲ್ಟು, ಸ್ವಲ್ಪ ಇಂಡಿಯಮನ್ನು ಬೆರೆಸಿದರೆ ಅದು ಇಳಿದು ನೀಲಿಗೂ, ಇನ್ನೂ ಬೆರೆಸಿದರೆ ಹಸುರಿಗೂ ಹೊಂದುವುದು. ಕಷ್ಟವಿದ್ದುದು ಬೆಳೆಸುವುದರಲ್ಲಿ. ಯಾವ ಹರಳಿನ ಪದರವನ್ನಾದರೂ ಇನ್ನೊಂದು ಹರಳಿನ ಮೇಲೆಯೇ ಬೆಳೆಸಬೇಕು. ಕೆಳಗಿನ ಪರಮಾಣುಗಳ ಅಂತರವು ಮೇಲಿನವುಗಳ ಅಂತರಕ್ಕೆ ಸರಿಹೊಂದಿದರೆ ಮಾತ್ರ ಸಾಲುಗಳು ಕ್ರಮವಾಗಿ ಕೂರುವುವು. ಗ್ಯಾಲಿಯಂ ನೈಟ್ರೈಡಿಗೆ ಹೊಂದುವ ನೆಲವು ದೊರೆಯದೆ ಸಫೈರೆಂಬ ಹರಳನ್ನು ಬಳಸಬೇಕಾಯಿತು. ಇವೆರಡರ ಅಂತರಗಳಲ್ಲಿ ನೂರಕ್ಕೆ ಸುಮಾರು ೧೬ರಷ್ಟು ವ್ಯತ್ಯಾಸ. ೧೯೬೯ರಲ್ಲಿ ಅಮೆರಿಕದ ಆರ್. ಸಿ. ಎ. ಸಂಸ್ಥೆಯಲ್ಲಿ ಮರುಸ್ಕಾ, ಟೀಟ್ಜೆನ್ ಎಂಬವರು ಸಫೈರಿನ ಮೇಲೆ ಈ ಪದರವನ್ನು ಬೆಳೆಸಿದರು. ೧೯೭೧ರಲ್ಲಿ ಅಲ್ಲಿಯೇ ಪಾಂಕೋವ್ ಎಂಬವರು ಅದರಿಂದ ಮಂದವಾದ ಬೆಳಕನ್ನು ಪಡೆದರು. ಆದರೆ ಪದರವು ಒರಟಾಗಿದ್ದಿತು. ಧನಪದರವನ್ನು ಮಾಡುವುದು ಯಾರಿಂದಲೂ ಆಗಲಿಲ್ಲ. ಬಹುಮಂದಿ ಪಂಡಿತರು ಈ ಹರಳನ್ನು ಕೈಬಿಟ್ಟರು.

ಕೈಬಿಡದೆ ಉಳಿದವರಲ್ಲಿ ಮುಖ್ಯರು ಅಕಸಾಕಿ. ಅವರು ಮತ್ಸುಷಿತಾ ಸಂಸ್ಥೆಯಲ್ಲಿ ೧೯೭೩ರಲ್ಲಿ ಮೊದಲುಮಾಡಿದ ಈ ಕೆಲಸವನ್ನು ೧೯೮೧ರಲ್ಲಿ ನಗೋಯಾ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆಯೂ ಮುಂದುವರಿಸಿದರು. ಅವರ ಶಿಷ್ಯರಾದ ಅಮಾನೊ ಸಫೈರಿನ ಮೇಲೆ ಮೊದಲು ೫೦೦ ಡಿಗ್ರಿಯಷ್ಟು ಕಡಿಮೆ ಕಾವಿನಲ್ಲಿ ಅಲ್ಯುಮಿನಿಯಂ ನೈಟ್ರೈಡಿನ ಸುಮಾರು ೩೦ ನ್ಯಾನೊಮೀಟರು ದಪ್ಪದ ಪದರವನ್ನು ಹಾಸಿ, ಬಳಿಕ ೧೦೦೦ ಡಿಗ್ರಿಗೆ ಏರಿಸಿ ಅದರ ಮೇಲೆ ಗ್ಯಾಲಿಯಂ ನೈಟ್ರೈಡನ್ನು ಬೆಳೆಸಿದರು. ನಡುವಣ ಈ ಮೆತ್ತೆಯ ಪದರದಿಂದಾಗಿ ಮೇಲಿನ ಹರಳು ಕನ್ನಡಿಯಂತೆ ನುಣುಪಾಯಿತು. ೧೯೮೬ರಲ್ಲಿ ಇದು ಪ್ರಕಟವಾಯಿತು.

ಇನ್ನು ಧನಪದರದ ಕಥೆ. ಈ ಪ್ರಬಂಧದ ವಿಷಯಕ್ಕೆ ಇದು ಬಹಳ ಸಂಬಂಧಪಟ್ಟುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ೧೯೮೦ರ ದಶಕದ ಕೊನೆಯಲ್ಲಿ ನಗೋಯಾದ ಪಂಡಿತರು ಸತುವನ್ನು ಬೆರೆಸಿದ ಗ್ಯಾಲಿಯಂ ನೈಟ್ರೈಡನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡುತ್ತಿದ್ದಾಗ, ಕಿರಣವು ಬಿದ್ದಷ್ಟೂ ಹರಳಿನ ಬೆಳಕು ಹೆಚ್ಚುತ್ತ ಹೋಯಿತು. ಪರೀಕ್ಷೆಗೆಂದು ಹಾಯಿಸಿದ ಕಿರಣವೇ ಪರೀಕ್ಷಿತವಸ್ತುವನ್ನು ಮಾರ್ಪಡಿಸಿತೆಂಬುದನ್ನು ಅವರು ಒಡನೆಯೇ ಗುರುತಿಸಿದರು. ೧೯೮೯ರಲ್ಲಿ ಮೆಗ್ನೀಸಿಯಂ ಬೆರೆಸಿದ ಹರಳಿಗೆ ಬೇಕೆಂದೇ ಅಲ್ಪಶಕ್ತಿಯ ಎಲೆಕ್ಟ್ರಾನು ಕಿರಣವನ್ನು ಹಾಯಿಸಿ ಧನಪದರವನ್ನು ಪಡೆದರು. ಇದಕ್ಕೆ ಕಾರಣವೇನೆಂದು ತೋರಿಸಿಕೊಟ್ಟವರು ಷಿಕೊಕು ದ್ವೀಪದ ನಿಚಿಯಾ ಸಂಸ್ಥೆಯಲ್ಲಿದ್ದ ನಕಾಮುರಾ. ಬೆಳೆಸುವಾಗ ಹರಳಿನೊಳಗೆ ಸೇರುವ ಜಲಜನಕವು ಮೆಗ್ನೀಸಿಯಮನ್ನು ಕಟ್ಟಿಹಾಕುತ್ತದೆ. ಕಿರಣವು ಆ ಕಟ್ಟನ್ನು ಬಿಡಿಸುತ್ತದೆ. ೧೯೯೨ರಲ್ಲಿ ಅವರು ಕಿರಣವಿಲ್ಲದೆಯೇ, ಸಾರಜನಕದಲ್ಲಿ ೭೦೦ ಡಿಗ್ರಿಗೆ ಮೇಲ್ಪಟ್ಟು ಕಾಯಿಸಿ ಇದೇ ಫಲವನ್ನು ಪಡೆದರು.

ಉಳಿದುದು ಇಂಡಿಯಂ ಬೆರೆತ ಪದರ. ಗ್ಯಾಲಿಯಂ ನೈಟ್ರೈಡು ಚೆನ್ನಾಗಿ ಬೆಳೆಯಲು ೧೦೦೦ ಡಿಗ್ರಿ ಬೇಕು. ಇಂಡಿಯಂ ನೈಟ್ರೈಡಾದರೋ ಅದಕ್ಕಿಂತ ಬಹಳ ಕಡಿಮೆ ಕಾವಿನಲ್ಲಿಯೇ ಒಡೆದುಹೋಗುವುದು. ಆದುದರಿಂದ ೭೦೦ ರಿಂದ ೮೦೦ ಡಿಗ್ರಿಗಳ ನಡುವೆ, ಅಮೋನಿಯವನ್ನು ಯಥೇಚ್ಛವಾಗಿ ಹಾಯಿಸುತ್ತ, ಮೆಲ್ಲಮೆಲ್ಲನೆ ಬೆಳೆಸಬೇಕಾಯಿತು. ಕಾವು ಕೆಲವು ಡಿಗ್ರಿ ಏರಿದರೆ ಇಂಡಿಯಂ ಹಾರಿಹೋಗಿ ಬಣ್ಣವು ನೇರಿಳೆಯತ್ತ ಸರಿಯುವುದು. ಇಳಿದರೆ ಹರಳು ಕೆಡುವುದು. ೧೯೯೩ರ ಕೊನೆಯಲ್ಲಿ ನಕಾಮುರಾ ಒಂದು ಕ್ಯಾಂಡೆಲ ಕಾಂತಿಯ ನೀಲದೀಪವನ್ನು ಪ್ರಕಟಪಡಿಸಿದರು. ಮರುವರ್ಷ ಅವರು ಬರೆದ ಲೇಖನದಂತೆ ಅದರ ಬಾಹ್ಯದಕ್ಷತೆ, ಎಂದರೆ ನೂರು ಎಲೆಕ್ಟ್ರಾನುಗಳಿಗೆ ಹೊರಬಂದ ಬೆಳಕಿನ ಕಣಗಳು, ೨.೭. ೧೯೯೫ರಲ್ಲಿ ಪದರವನ್ನು ಕೆಲವೇ ನ್ಯಾನೊಮೀಟರುಗಳಿಗೆ ತೆಳುಮಾಡಿ ‘ಕ್ವಾಂಟಮ್ ಬಾವಿ’ಯಾಗಿಸಿ ಇನ್ನೂ ಪ್ರಕಾಶಮಾನವಾದ ನೀಲಿಯನ್ನೂ ಹಸುರನ್ನೂ ಪಡೆದರು. ೧೯೯೬ರಲ್ಲಿ ಬಿಳಿಯ ದೀಪವು ಅಂಗಡಿಗೆ ಬಂದಿತು.

೪. ಸಮಸ್ಯೆ

ಇಲ್ಲಿಗೆ ಕಥೆಯು ಮುಗಿಯಬೇಕಾಗಿದ್ದಿತು. ಆದರೆ ೧೯೯೫ರಲ್ಲಿ ಅಮೆರಿಕದ ಲೆಸ್ಟರ್, ಪಾನ್ಸ್, ಕ್ರಾಫರ್ಡ್, ಸ್ಟೈಗರ್‌ವಾಲ್ಡ್ ಎಂಬ ನಾಲ್ವರು ಈ ಜಾತಿಯ ದೀಪವನ್ನು ಕೊಯ್ದು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆಶ್ಚರ್ಯವೊಂದು ಕಾದಿದ್ದಿತು. ಹರಳಿನಲ್ಲಿ ಪರಮಾಣುಗಳ ಸಾಲು ತಪ್ಪಿ ಉಂಟಾಗುವ ದೋಷರೇಖೆಗೆ ಸ್ಥಾನಭ್ರಂಶವೆಂದು ಹೆಸರಿಡಬಹುದು. ಅಂತಹ ರೇಖೆಯ ಬಳಿಗೆ ಬಂದ ಎಲೆಕ್ಟ್ರಾನೂ ರಂಧ್ರವೂ ಬೆಳಕನ್ನು ಕೊಡದೆ ಕಾವನ್ನು ಮಾತ್ರ ಕೊಟ್ಟು ನಷ್ಟವಾಗುವುವು. ಈ ದೀಪದಲ್ಲಿ ಒಂದು ಚದರ ಸೆಂಟಿಮೀಟರಿಗೆ ೨೦೦೦ ಕೋಟಿಯಿಂದ ೧೦೦೦೦ ಕೋಟಿ ಸ್ಥಾನಭ್ರಂಶಗಳಿದ್ದುವು. ಗ್ಯಾಲಿಯಂ ಆರ್ಸೆನೈಡಿನ ಜಾತಿಯ ಡಯೋಡಾದರೆ ಇದರ ಸಾವಿರದಲ್ಲೊಂದು ಪಾಲಿನಿಂದಲೇ ನಿಸ್ತೇಜವಾಗುವುದು. ಮೆತ್ತೆಯ ಪದರವು ಹರಳನ್ನು ನುಣುಪುಮಾಡಿದ್ದರೂ ಶುದ್ಧಮಾಡಿರಲಿಲ್ಲವೆಂದು ಇದರಿಂದ ತಿಳಿದುಬಂದಿತು. ಹೀಗಿರಲಾಗಿ, ಬೆಳಗಬಾರದ ಈ ದೀಪವು ಬೆಳಗುವುದೆಂತು?

೫. ಪೂರ್ವಪಕ್ಷ: ಬಿಂದುಗಳೇ ಕಾರಣ

ಉತ್ತರವು ಬೇರೊಂದು ಕಡೆಯಲ್ಲಿ ಸಿದ್ಧವಾಗಿ ನಿಂತಿದ್ದಿತು. ೧೯೩೮ರಲ್ಲಿ ಬಲ್ಗೇರಿಯದ ಇವಾನ್ ಸ್ಟ್ರಾನ್ಸ್ಕಿ, ಲ್ಯುಬೊಮಿರ್ ಕ್ರಸ್ತಾನೊವ್ ಎಂಬವರು, ಒಂದು ಹರಳಿನ ಮೇಲೆ ಮತ್ತೊಂದು ಹರಳು ಮೊದಲು ಸಮತಲವಾದ ಪದರವಾಗಿ ಬೆಳೆದು ಅನಂತರ ಚಿಕ್ಕ ಚಿಕ್ಕ ದಿಬ್ಬಗಳಾಗಿ ಒಡೆಯುವ ಸಂಭವವುಂಟೆಂದು ಗಣಿತದಿಂದ ತೋರಿಸಿದ್ದರು. ೧೯೮೨ರಲ್ಲಿ ಟೋಕಿಯೊವಿನ ಅರಕಾವಾ, ಸಕಾಕಿ ಎಂಬವರು, ಎಲೆಕ್ಟ್ರಾನನ್ನು ಪದರದಂತೆ ಒಂದೇ ದಿಕ್ಕಿನಲ್ಲಲ್ಲದೆ ಮೂರು ದಿಕ್ಕುಗಳಲ್ಲಿಯೂ ಕೆಲವು ನ್ಯಾನೊಮೀಟರುಗಳೊಳಗೆ ಕಟ್ಟಿಟ್ಟರೆ ಲೇಸರು ದೀಪವು ಕಾವಿಗೆ ಹೆಚ್ಚು ಅಳುಕದೆ ಬೆಳಗುವುದೆಂದು ಪ್ರತಿಪಾದಿಸಿದರು. ಹೀಗೆ ಮೂರು ದಿಕ್ಕುಗಳಲ್ಲಿ ಕಟ್ಟಿಡುವ ಹರಳಿನ ತುಣುಕೇ ಕ್ವಾಂಟಮ್ ಬಿಂದು. ೧೯೮೫ರಲ್ಲಿ ಫ್ರಾನ್ಸಿನ ಗೋಲ್ಡ್‌ಸ್ಟೈನ್ ಮತ್ತು ಅವರ ಜೊತೆಗಾರರು ಗ್ಯಾಲಿಯಂ ಆರ್ಸೆನೈಡಿನ ಮೇಲೆ ಇಂಡಿಯಂ ಆರ್ಸೆನೈಡನ್ನು ಬೆಳೆಸುವಾಗ, ಎರಡರ ಅಂತರಗಳಲ್ಲಿ ನೂರಕ್ಕೆ ೭ರಷ್ಟು ವ್ಯತ್ಯಾಸವಿದ್ದುದರಿಂದ, ಎರಡು ಪರಮಾಣುಪದರಗಳು ತುಂಬುವುದಕ್ಕೆ ಮುಂಚೆಯೇ ದಿಬ್ಬಗಳು ಎದ್ದುವು. ಸಮತಲವಾದ ಪದರವನ್ನೇ ಬಯಸುವ ಕುಶಲನಿಗೆ ಇದು ಕೆಟ್ಟ ಬೆಳೆ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಈ ದಿಬ್ಬಗಳೇ ತಾವಾಗಿ ಬೆಳೆದ ಕ್ವಾಂಟಮ್ ಬಿಂದುಗಳೆಂದು ಮಾನ್ಯವಾದುವು. ೧೯೯೪ರಲ್ಲಿ ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್ ನಗರಗಳ ಪಂಡಿತರು ಅವುಗಳಿಂದ ಲೇಸರನ್ನು ಮಾಡಿದರು.

ನೀಲದೀಪದ ಸಮಸ್ಯೆಯು ಎದ್ದುದು ಸರಿಯಾಗಿ ಇದೇ ಸಮಯದಲ್ಲಿ. ಇಂಡಿಯಂ ನೈಟ್ರೈಡಿಗೂ ಗ್ಯಾಲಿಯಂ ನೈಟ್ರೈಡಿಗೂ ಇರುವ ವ್ಯತ್ಯಾಸ ನೂರಕ್ಕೆ ಸುಮಾರು ೧೧, ಆರ್ಸೆನೈಡುಗಳದಕ್ಕಿಂತಲೂ ಹೆಚ್ಚು. ೧೯೯೬ರಲ್ಲಿ ಹೊ, ಸ್ಟ್ರಿಂಗ್‌ಫೆಲೊ ಎಂಬವರು, ೮೦೦ ಡಿಗ್ರಿಯಲ್ಲಿ ಗ್ಯಾಲಿಯಂ ನೈಟ್ರೈಡಿನಲ್ಲಿ ನೂರಕ್ಕೆ ೬ಕ್ಕಿಂತ ಹೆಚ್ಚು ಇಂಡಿಯಂ ನೈಟ್ರೈಡು ಸ್ಥಿರವಾಗಿ ಬೆರೆಯಲಾರದೆಂದು ಲೆಕ್ಕಮಾಡಿ ತೋರಿಸಿದರು. ನೀಲಿಗೆ ಬೇಕಾದುದಾದರೋ ೧೫ರ ಸುಮಾರು. ಆದಕಾರಣ ಎಣ್ಣೆಯೂ ನೀರೂ ಬೇರೆಯಾಗುವಂತೆ ಇಂಡಿಯಂ ಬೇರೆಯಾಗಿ ಗುಂಪುಗೂಡುವುದೇ ಸಹಜವೆಂದು ತೋರಿತು. ಅದೇ ವರ್ಷ ಚಿಚಿಬು, ನಕಾಮುರಾ ಮೊದಲಾದವರು, ಪದರವು ಹೀರುವ ಬೆಳಕಿಗಿಂತ ಅದು ಸೂಸುವ ಬೆಳಕಿನ ಶಕ್ತಿಯು ಗಣನೀಯವಾಗಿ ಕಡಿಮೆಯೆಂಬುದನ್ನು ಆಧಾರವಾಗಿ ಹಿಡಿದು, ಎಲೆಕ್ಟ್ರಾನುಗಳೂ ರಂಧ್ರಗಳೂ ಪದರದಲ್ಲಿ ಸ್ವೇಚ್ಛೆಯಾಗಿ ಅಲೆಯದೆ ಅಲ್ಲಲ್ಲಿನ ತಗ್ಗುಗಳಲ್ಲಿ ಸಿಕ್ಕಿಕೊಳ್ಳುತ್ತವೆಂದು ನಿರ್ಣಯಿಸಿದರು. ೧೯೯೭ರಲ್ಲಿ ಕ್ಯೋಟೊವಿನ ನರುಕಾವಾ, ಕವಾಕಾಮಿ ಮೊದಲಾದವರು ನಕಾಮುರಾ ಅವರೊಡಗೂಡಿ ಸೂಕ್ಷ್ಮದರ್ಶಕದ ಚಿತ್ರವನ್ನೇ ಮುಂದಿಟ್ಟರು. ಅದರಲ್ಲಿ ಕೆಲವು ನ್ಯಾನೊಮೀಟರು ಅಗಲದ, ಇಂಡಿಯಂ ಹೆಚ್ಚಾಗಿರುವ ಕರಿಯ ಚುಕ್ಕೆಗಳು ಕಂಡುವು. ತಾವಾಗಿ ಬೆಳೆದ ಕ್ವಾಂಟಮ್ ಬಿಂದುಗಳೆಂದು ಅವನ್ನು ಹೆಸರಿಸಲಾಯಿತು.

ಹೀಗೆ ಗಣಿತವೂ ಬೆಳಕಿನ ಪರೀಕ್ಷೆಯೂ ಪ್ರತ್ಯಕ್ಷವೂ ಒಂದೇ ಮಾತನ್ನಾಡಿದುವು. ಮಳೆಯ ನೀರು ದೂರದ ತೂಬನ್ನು ಸೇರುವ ಮುನ್ನ ಹತ್ತಿರದ ಗುಣಿಗಳಲ್ಲಿಯೇ ನಿಂತುಬಿಡುವಂತೆ, ಎಲೆಕ್ಟ್ರಾನುಗಳು ಸ್ಥಾನಭ್ರಂಶವನ್ನು ಸೇರುವ ಮುನ್ನ ಬಿಂದುಗಳಲ್ಲಿ ನಿಂತು ಬೆಳಕಾಗುವುವು ಎಂಬ ವಿವರಣೆಯು ಎಲ್ಲರಿಗೂ ಒಪ್ಪಿಗೆಯಾಯಿತು. ಅನೇಕ ಪ್ರಯೋಗಶಾಲೆಗಳ ಚಿತ್ರಗಳಲ್ಲಿ ಅದೇ ಚುಕ್ಕೆಗಳು ಕಂಡುವು.

೬. ಆಕ್ಷೇಪ: ಚಿತ್ರದ ಪ್ರಾಮಾಣ್ಯ

ಆದರೆ ಹಲವು ಚಿತ್ರಗಳು ಒಂದನ್ನೇ ಹೇಳಿದ ಮಾತ್ರಕ್ಕೆ ಅವು ಹಲವು ಸಾಕ್ಷಿಗಳಾಗುವುದಿಲ್ಲ. ಪ್ರಾಚೀನಗ್ರಂಥಗಳನ್ನು ಪರಿಷ್ಕರಿಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ನ್ಯಾಯ: ಹತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದರೂ ಆ ಹತ್ತೂ ಒಂದೇ ತಪ್ಪುಪ್ರತಿಯಿಂದ ಇಳಿದುಬಂದಿದ್ದರೆ ಅವು ಒಂದೇ ಸಾಕ್ಷಿ. ಇಲ್ಲಿಯೂ ಚಿತ್ರಗಳೆಲ್ಲವೂ ಒಂದೇ ಜಾತಿಯ ಉಪಕರಣದಿಂದ ಬಂದವು.

ಈ ಸಂದೇಹವನ್ನು ಪ್ರಯೋಗಕ್ಕೆ ತಂದವರು ಕೇಂಬ್ರಿಜ್ಜಿನ ಸ್ಮೀಟನ್, ಕಾಪರ್ಸ್, ಬಾರ್ನಾರ್ಡ್, ವಿಕರ್ಸ್, ಹಂಫ್ರೀಸ್ ಎಂಬವರು. ೨೦೦೩ರಲ್ಲಿ ಅವರು ಪ್ರಕಟಿಸಿದ ವಿಷಯವು ಸರಳವಾದುದು. ಹೊಸದಾಗಿ ಸಿದ್ಧಪಡಿಸಿದ ಪದರಕ್ಕೆ ಎಲೆಕ್ಟ್ರಾನು ಕಿರಣವನ್ನು ಆದಷ್ಟು ಕಡಿಮೆಯಾಗಿ ಒಡ್ಡಿ ತೆಗೆದ ಚಿತ್ರದಲ್ಲಿ ದೊಡ್ಡ ಇಂಡಿಯಂ ಗುಂಪುಗಳು ಯಾವುವೂ ಕಾಣಲಿಲ್ಲ. ಅದೇ ಎಡೆಯನ್ನು ಅದೇ ಕಿರಣದಲ್ಲಿ ಇನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿತ್ರವನ್ನು ತೆಗೆದಾಗ ಪ್ರಸಿದ್ಧವಾದ ಆ ಚುಕ್ಕೆಗಳು ಮೂಡಿದ್ದುವು. ಚಿತ್ರಕ್ಕಾಗಿ ಹಾಯಿಸಿದ ಕಿರಣವೇ ಪದರದೊಳಗೆ ಅಲ್ಲಲ್ಲಿ ಸೆಳೆತವನ್ನುಂಟುಮಾಡಿ, ಇಂಡಿಯಂ ಗುಂಪುಗಳಿರುವಂತೆ ಭ್ರಮೆಯನ್ನು ಹುಟ್ಟಿಸುವುದೆಂದು ಅವರು ಸಾಧಿಸಿದರು. ಗ್ರಂಥಸಂಪಾದಕರ ಮಾತಿನಲ್ಲಿ ಹೇಳುವುದಾದರೆ ಆ ಚುಕ್ಕೆಗಳು ಪ್ರಕ್ಷಿಪ್ತ. ಮೂಲದಲ್ಲಿದ್ದವಲ್ಲ, ಲಿಪಿಕಾರನು ಸೇರಿಸಿದವು.

ಇಲ್ಲಿ ಗಮನಿಸತಕ್ಕ ಒಂದು ವಿಶೇಷವುಂಟು. ನೋಡುವ ಕಿರಣವು ನೈಟ್ರೈಡು ಹರಳನ್ನು ಮಾರ್ಪಡಿಸಬಲ್ಲುದೆಂಬುದು ಈ ವಿದ್ಯೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಧನಪದರದ ಶೋಧವೇ ಆ ಸಂಗತಿಯಿಂದ ಹುಟ್ಟಿತೆಂದು ಮೇಲೆ ಹೇಳಿದೆ. ಎರಡು ಕಡೆಯೂ ಕ್ರಿಯೆಯ ಸ್ವರೂಪವು ಒಂದೇ ಅಲ್ಲವೆಂಬುದು ನಿಜ: ನಗೋಯಾದಲ್ಲಿ ಅಲ್ಪಶಕ್ತಿಯ ಕಿರಣವು ಜಲಜನಕದ ಕಟ್ಟನ್ನು ಬಿಡಿಸಿತು, ಇಲ್ಲಿಯಾದರೋ ಅದರ ಎಷ್ಟೋ ಪಾಲು ಹೆಚ್ಚು ಶಕ್ತಿಯ ಕಿರಣವು ಪರಮಾಣುಗಳನ್ನೇ ಅವುಗಳ ಎಡೆಯಿಂದ ಕದಲಿಸಿತು. ಆದರೂ ಅಲ್ಲಿ ಕಿರಣದ ಕೆಲಸವು ಬೇಡವಾಗಿದ್ದ ಕಡೆ ಕಂಡುದರಿಂದ ಪರೀಕ್ಷಕರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು. ಇಲ್ಲಿ ಅದು ನಿರೀಕ್ಷಿಸಿದ ಚುಕ್ಕೆಯನ್ನೇ ಬರೆದುದರಿಂದ ಹಲವು ವರ್ಷ ಯಾರೂ ಕೇಳಲಿಲ್ಲ.

ಕೇಂಬ್ರಿಜ್ಜಿನವರ ನಿರ್ಣಯವನ್ನು ಎಲ್ಲರೂ ಒಡನೆಯೇ ಒಪ್ಪಿಕೊಳ್ಳಲಿಲ್ಲ. ಕಿರಣವು ಬೀಳುವ ಮೊದಲೂ ಚಿಕ್ಕ ಗುಂಪುಗಳಿರಬಹುದಲ್ಲವೆ, ಎಲ್ಲ ಕುಲುಮೆಗಳ ಬೆಳೆಯೂ ಒಂದೇ ಬಗೆಯದೆಂದು ಹೇಳುವುದೆಂತು ಎಂಬ ಮಾತುಗಳು ನ್ಯಾಯವಾದುವೇ. ಆದುದರಿಂದ ಬೇರೆ ಜಾತಿಯ ಸಾಕ್ಷಿಯು ಬೇಕಾಯಿತು. ೨೦೦೭ರಲ್ಲಿ ಕೇಂಬ್ರಿಜ್ಜಿನ ಗಾಲ್ಟ್ರಿ, ಆಲಿವರ್, ಹಂಫ್ರೀಸ್ ಮೊದಲಾದವರು ಪರಮಾಣುಶೋಧಕವೆಂಬ ಯಂತ್ರವನ್ನು ಬಳಸಿದರು. ಇದರಲ್ಲಿ ಹರಳನ್ನು ಸೂಜಿಯ ಮೊನೆಯಂತೆ ಹದಮಾಡಿ, ಪ್ರಬಲವಾದ ವಿದ್ಯುತ್‌ಕ್ಷೇತ್ರದಿಂದ ಮೊನೆಯ ಪರಮಾಣುಗಳನ್ನು ಒಂದೊಂದಾಗಿ ಕಿತ್ತು, ಅವು ಹಾರಿಬಂದ ಕಾಲದಿಂದ ಜಾತಿಯನ್ನೂ ತಾಗಿದ ಎಡೆಯಿಂದ ಸ್ಥಾನವನ್ನೂ ಕಂಡುಹಿಡಿದು, ಹರಳನ್ನು ಗಣಿತದಿಂದ ಮತ್ತೆ ಕಟ್ಟುವರು. ಎಲೆಕ್ಟ್ರಾನು ಕಿರಣದಿಂದ ಚಿತ್ರವನ್ನು ತೆಗೆಯುವ ಸೂಕ್ಷ್ಮದರ್ಶಕಕ್ಕೂ ಇದಕ್ಕೂ ಕ್ರಮವೇ ಬೇರೆ. ಹೀಗೆ ಎಣಿಸಿದಾಗ ಇಂಡಿಯಂ ಪರಮಾಣುಗಳು ಕಾಳುಗಳನ್ನು ಚೆಲ್ಲಿದಂತೆ ಯಾದೃಚ್ಛಿಕವಾಗಿ ಹರಡಿದ್ದುವು. ಗುಂಪುಗೂಡಿದುದರ ಕುರುಹು ದೊರೆಯಲಿಲ್ಲ. ೨೦೧೩ರಲ್ಲಿ ಅಮೆರಿಕದ ಪಂಡಿತರು, ಪರಮಾಣುಗಳನ್ನು ಕದಲಿಸಲಾರದಷ್ಟು ಕಡಿಮೆಯಾದ ೧೨೦ ಕಿಲೊವೋಲ್ಟಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಗುಂಪುಗಳು ಕಾಣಲಿಲ್ಲ.

ಗಣಿತದ ಸಾಕ್ಷಿಗೂ ಮಿತಿಯುಂಟು. ೮೦೦ ಡಿಗ್ರಿಯಲ್ಲಿ ಇಂಡಿಯಂ ಬೇರೆಯಾಗಬೇಕೆಂಬ ಲೆಕ್ಕವು ಬಿಡಿಯಾಗಿರುವ ಹರಳು ಸಮಸ್ಥಿತಿಗೆ ಬಂದಾಗಿನದು. ಎರಡು ಗ್ಯಾಲಿಯಂ ನೈಟ್ರೈಡು ಪದರಗಳ ನಡುವೆ ಬಿಗಿಯಾಗಿ ಸಿಕ್ಕಿರುವ, ಬೇಗನೆ ಮುಚ್ಚಿಹೋಗುವ ತೆಳ್ಳನೆಯ ಪದರಕ್ಕೆ ಅದು ಹಾಗೆಯೇ ಅನ್ವಯಿಸುವುದಿಲ್ಲ.

೭. ಸಿದ್ಧಾಂತ

ಹಾಗಾದರೆ ಪೂರ್ವಪಕ್ಷವು ಸಂಪೂರ್ಣವಾಗಿ ಬಿದ್ದುಹೋಯಿತೆ? ಇಲ್ಲ. ಅದಕ್ಕೆ ಆಧಾರವಾಗಿದ್ದ ಮೂರು ಸಾಕ್ಷಿಗಳಲ್ಲಿ ಚಿತ್ರವು ಅಪ್ರಮಾಣವಾಯಿತು, ಗಣಿತವು ದುರ್ಬಲವಾಯಿತು, ಆದರೆ ಬೆಳಕಿನ ಪರೀಕ್ಷೆಯು ಹೇಳಿದ ಮಾತು ಹಾಗೆಯೇ ನಿಂತಿತು. ಎಲೆಕ್ಟ್ರಾನುಗಳೂ ರಂಧ್ರಗಳೂ ಅಲ್ಲಲ್ಲಿ ಸಿಕ್ಕಿಕೊಂಡೇ ಬೆಳಗುತ್ತವೆಂಬುದು ಸತ್ಯ. ಗುಂಪುಗಳಿಲ್ಲದೆ ಅವು ಸಿಕ್ಕಿಕೊಳ್ಳುವುದು ಹೇಗೆಂಬುದೇ ಉಳಿದ ಪ್ರಶ್ನೆ.

ಇದಕ್ಕೆ ಮುಖ್ಯವಾಗಿ ಎರಡು ಉತ್ತರಗಳು ದೊರೆತಿವೆ. ಕಾಳುಗಳನ್ನು ಯಾದೃಚ್ಛಿಕವಾಗಿ ಚೆಲ್ಲಿದರೂ ಎಲ್ಲೆಡೆಯೂ ಸಮನಾಗಿ ಬೀಳುವುದಿಲ್ಲ. ಎಲ್ಲೋ ಒಂದೆಡೆ ಎರಡು ಮೂರು ಒತ್ತಾಗಿ ಬೀಳುವುವು. ಅಷ್ಟರಿಂದಲೇ ರಂಧ್ರವು ಕೆಲವು ನ್ಯಾನೊಮೀಟರುಗಳೊಳಗೆ ಸಿಕ್ಕಿಕೊಳ್ಳುವುದು. ೨೦೦೬ರಲ್ಲಿ ಚಿಚಿಬು ಮತ್ತು ಅವರ ಜೊತೆಗಾರರು ಪಾಸಿಟ್ರಾನುಗಳಿಂದ ಪರೀಕ್ಷಿಸಿ, ಇಂಡಿಯಂ-ಸಾರಜನಕ-ಇಂಡಿಯಂ ಎಂಬ ಕಿರುಸರಪಣಿಗಳಲ್ಲಿ ರಂಧ್ರವು ಸಿಕ್ಕುವುದೆಂದು ತೀರ್ಮಾನಿಸಿದರು. ಬಿಂದುಗಳ ವಾದವನ್ನು ಮೊದಲು ಎತ್ತಿದವರಲ್ಲಿ ಒಬ್ಬರಾದ ಅವರೇ ಕಾರಣವನ್ನು ಬಿಂದುವಿನಿಂದ ಪರಮಾಣುವಿನ ಅಳತೆಗೆ ಇಳಿಸಿದುದು ಗಮನಾರ್ಹ. ಎರಡನೆಯದಾಗಿ, ೨೦೦೭ರ ಎಣಿಕೆಯಲ್ಲಿಯೇ ಪದರದ ಕೆಳಗಿನ ಮೇರೆಯು ನಯವಾಗಿಯೂ ಮೇಲಿನ ಮೇರೆಯು ಒರಟಾಗಿಯೂ ಇರುವುದು ಕಂಡಿತು. ಪದರವು ಒಂದೆರಡು ಪರಮಾಣುಸಾಲುಗಳಷ್ಟು ದಪ್ಪನಾದೆಡೆಯಲ್ಲಿ ಎಲೆಕ್ಟ್ರಾನು ನಿಲ್ಲುವುದು. ೨೦೧೧ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರಿನ ಗಣನೆಗಳೂ ಇದನ್ನು ಸಮರ್ಥಿಸಿದುವು. ಸ್ಥಾನಭ್ರಂಶಗಳ ನಡುವಣ ದೂರವು ಹಲವು ಹತ್ತು ನ್ಯಾನೊಮೀಟರು. ಸಿಕ್ಕಿಕೊಳ್ಳುವ ಎಡೆಗಳ ಅಳತೆ ಕೆಲವೇ ನ್ಯಾನೊಮೀಟರು. ಆದಕಾರಣ ದೋಷವನ್ನು ಸೇರುವ ಮುನ್ನವೇ ಬೆಳಕು ಹುಟ್ಟಿಬಿಡುವುದು. ಇವಲ್ಲದೆ, ಸ್ಥಾನಭ್ರಂಶದ ಸುತ್ತ ಬೆಳೆಯುವ ಕುಳಿಯ ಓರೆಗೋಡೆಗಳಲ್ಲಿ ಪದರವು ತೆಳ್ಳಗಾಗಿ ದೋಷಕ್ಕೆ ಬೇಲಿಯಂತಾಗುವುದೆಂದು ೨೦೦೫ರಲ್ಲಿ ಜರ್ಮನಿಯ ಹಾಂಗ್ಲೈಟರ್ ಮೊದಲಾದವರು ತೋರಿಸಿದರು.

ಇದರಿಂದ ಬೆಳೆಸುವವನಿಗೆ ದೊರೆತ ಉಪದೇಶವು ಮೊದಲಿನದಕ್ಕೆ ವಿರುದ್ಧವಾದುದು. ಇಂಡಿಯಮನ್ನು ಗುಂಪುಗೂಡಿಸಲು ಶ್ರಮಪಡಬೇಕಾಗಿಲ್ಲ. ಒಳ್ಳೆಯ, ಸಮನಾದ ಪದರವನ್ನು ಬೆಳೆಸಿದರೂ ಮಿಶ್ರಹರಳಿನ ಸಹಜವಾದ ವೈಷಮ್ಯವೇ ಬೇಕಾದ ಕೆಲಸವನ್ನು ಮಾಡುವುದು.

೮. ಬೇಕೆಂದೇ ಬೆಳೆಸಿದ ಬಿಂದುಗಳು

ನೀಲದೀಪದಲ್ಲಿ ಬಿಂದುಗಳಿಲ್ಲವೆಂದ ಮಾತ್ರಕ್ಕೆ ಬಿಂದುಗಳೇ ನಿಷ್ಪ್ರಯೋಜಕವೆಂದಲ್ಲ. ಹಸುರು, ಕೆಂಪು ಬೆಳಕಿಗಾಗಿ ಇಂಡಿಯಮನ್ನು ಹೆಚ್ಚಿಸಿದಂತೆ ಪದರದಲ್ಲಿ ಬಿಗುವು ಹೆಚ್ಚಿ, ಅದರಿಂದ ಹುಟ್ಟುವ ವಿದ್ಯುತ್‌ಕ್ಷೇತ್ರವು ಎಲೆಕ್ಟ್ರಾನನ್ನೂ ರಂಧ್ರವನ್ನೂ ಪದರದ ಎರಡು ಮಗ್ಗುಲುಗಳಿಗೆ ಎಳೆದು ಅವು ಕೂಡದಂತೆ ಮಾಡುವುದು. ಹಸುರು ದೀಪವು ನೀಲದೀಪಕ್ಕಿಂತ ಹಿಂದುಳಿದುದಕ್ಕೆ ಇದು ಒಂದು ಕಾರಣ. ನಿಜವಾದ ಬಿಂದುವಿನಲ್ಲಿ ಬಿಗುವು ಸ್ವಲ್ಪ ಸಡಿಲವಾಗುವುದು. ಆದುದರಿಂದ ನೈಟ್ರೈಡಿನ ಬಿಂದುಗಳನ್ನು ಬೇಕೆಂದೇ ಬೆಳೆಸುವ ಪ್ರಯತ್ನಗಳು ನಡೆದುವು. ೧೯೯೭ರಲ್ಲಿ ಫ್ರಾನ್ಸಿನ ಗ್ರೆನೊಬ್ಲಿನಲ್ಲಿ ಅಲ್ಯುಮಿನಿಯಂ ನೈಟ್ರೈಡಿನ ಮೇಲೆ ಗ್ಯಾಲಿಯಂ ನೈಟ್ರೈಡಿನ ದಿಬ್ಬಗಳನ್ನು ಬೆಳೆಸಿದರು. ಇಂಡಿಯಂ ಬೆರೆತ ಪದರವನ್ನು ಬೆಳೆಸಿ ಸಾರಜನಕದಲ್ಲಿ ಕಾಯಿಸಿ ಅದನ್ನು ಬಿಂದುಗಳಾಗಿ ಒಡೆಯುವ ಕ್ರಮವು ೨೦೦೩ರಲ್ಲಿ ಪ್ರಕಟವಾಯಿತು. ಅದನ್ನು ಪ್ರಕಟಿಸಿದವರೂ ಕೇಂಬ್ರಿಜ್ಜಿನ ಆಲಿವರ್ ಮೊದಲಾದವರೇ. ಸಾಮಾನ್ಯಪದರದಲ್ಲಿ ಬಿಂದುಗಳಿಲ್ಲವೆಂದು ಸಾಧಿಸಿದ ಪ್ರಯೋಗಶಾಲೆಯೇ ಬಿಂದುಗಳನ್ನು ಬೆಳೆಸುವ ದಾರಿಯನ್ನೂ ತೋರಿಸಿತು.

ಕುಲುಮೆಯಲ್ಲಿ ಅಲ್ಲದೆ ದ್ರವದಲ್ಲಿ ಬೆಳೆಸುವ ಕ್ವಾಂಟಮ್ ಬಿಂದುಗಳ ಚರಿತ್ರೆಯು ಬೇರೆ. ೧೯೮೦ರ ದಶಕದ ಮೊದಲಲ್ಲಿ ರಷ್ಯದ ಎಕಿಮೋವ್ ಗಾಜಿನಲ್ಲಿಯೂ ಅಮೆರಿಕದ ಬ್ರೂಸ್ ದ್ರವದಲ್ಲಿಯೂ ಅವನ್ನು ಗುರುತಿಸಿದರು. ೧೯೯೩ರಲ್ಲಿ ಬಾವೆಂಡಿ ಸಮಗಾತ್ರದ ಬಿಂದುಗಳನ್ನು ಬೆಳೆಸುವ ಕ್ರಮವನ್ನು ಕಂಡುಹಿಡಿದರು. ಈ ಮೂವರಿಗೆ ೨೦೨೩ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವು ಸಂದಿತು. ೧೯೯೪ರಲ್ಲಿ ಕಾಲ್ವಿನ್, ಷ್ಲಾಂಪ್, ಅಲಿವಿಸಾಟೊಸ್ ಎಂಬವರು ಇಂತಹ ಬಿಂದುಗಳ ತೆಳುಪದರದಿಂದ ದೀಪವನ್ನು ಮಾಡಿದರು. ೨೦೧೩ರಿಂದ ಮಾರಾಟಕ್ಕೆ ಬಂದ ಕೆಲವು ದೂರದರ್ಶನಯಂತ್ರಗಳಲ್ಲಿ ಈ ಬಿಂದುಗಳು ನೀಲದೀಪದ ಬೆಳಕನ್ನು ಹೀರಿ ಶುದ್ಧವಾದ ಕೆಂಪನ್ನೂ ಹಸುರನ್ನೂ ಕೊಡುವುವು. ಹೀಗೆ ನೀಲದೀಪದ ಒಳಗೆ ಹುಡುಕಿ ಕಾಣದ ಬಿಂದುವು ಅದರ ಮುಂದೆ ಬಂದು ನಿಂತಿತು.

೯. ಉಪಸಂಹಾರ

ಇದುವರೆಗಿನ ವಿಚಾರದಿಂದ ಫಲಿತವಾಗುವ ಅಂಶಗಳನ್ನು ಸಂಗ್ರಹಿಸಬಹುದು. ನೀಲದೀಪವು ದೋಷಗಳ ನಡುವೆಯೂ ಬೆಳಗುವುದಕ್ಕೆ ಎಲೆಕ್ಟ್ರಾನು ರಂಧ್ರಗಳು ಅಲ್ಲಲ್ಲಿ ಸಿಕ್ಕಿಕೊಳ್ಳುವುದೇ ಕಾರಣವೆಂಬ ೧೯೯೬ರ ಮಾತು ನಿಂತಿದೆ. ಅವುಗಳನ್ನು ಹಿಡಿಯುವುದು ಇಂಡಿಯಂ ಗುಂಪುಗಳಾದ ಕ್ವಾಂಟಮ್ ಬಿಂದುಗಳೆಂಬ ೧೯೯೭ರ ಮಾತು ಸಾಮಾನ್ಯಪದರಗಳ ವಿಷಯದಲ್ಲಿ ನಿಂತಿಲ್ಲ. ತೀರ್ಮಾನವು ಸರಿಯಾಗಿದ್ದರೂ ಅದಕ್ಕೆ ಕೊಟ್ಟ ಪ್ರತ್ಯಕ್ಷಪ್ರಮಾಣವು ಉಪಕರಣದ ಸೃಷ್ಟಿಯಾಗಿದ್ದಿತು. ಫಲವು ಸರಿಯೆಂಬುದರಿಂದ ಪ್ರಮಾಣವೂ ಸರಿಯೆಂದು ತಿಳಿಯುವುದು, ಪ್ರಮಾಣವು ಕೆಟ್ಟಿತೆಂದು ಫಲವನ್ನೂ ಬಿಡುವುದು, ಇವೆರಡೂ ಒಂದೇ ತಪ್ಪಿನ ಎರಡು ಮುಖಗಳು.

ಒಂದೇ ಹರಳಿನ ಚರಿತ್ರೆಯಲ್ಲಿ ಎಲೆಕ್ಟ್ರಾನು ಕಿರಣವು ಎರಡು ಸಾರಿ ತಾನು ನೋಡಬೇಕಾದುದನ್ನು ಮಾರ್ಪಡಿಸಿತು. ಮೊದಲ ಸಾರಿ ಅದನ್ನು ಗುರುತಿಸಿದುದರಿಂದ ದೀಪವೇ ಸಾಧ್ಯವಾಯಿತು. ಎರಡನೆಯ ಸಾರಿ ಗುರುತಿಸದೆ ಹೋದುದರಿಂದ ಹಲವು ವರ್ಷಗಳ ವಿವರಣೆಯು ದಾರಿತಪ್ಪಿತು. ಅಚ್ಚಿನ ಪ್ರತಿಯನ್ನು ನಂಬುವ ಮುನ್ನ ಓಲೆಯನ್ನೂ, ಓಲೆಯನ್ನು ನಂಬುವ ಮುನ್ನ ಲಿಪಿಕಾರನ ಕೈಯನ್ನೂ ಪರೀಕ್ಷಿಸುವ ವಿದ್ವಾಂಸರಿಗೆ ಈ ನ್ಯಾಯವು ಹೊಸದಲ್ಲ. ಹತ್ತು ಪರಮಾಣುಸಾಲುಗಳ ಪದರವನ್ನು ಓದುವುದಕ್ಕೂ ಅದೇ ನ್ಯಾಯವು ಸಲ್ಲುತ್ತದೆ.